ಬೈಕ್ ಮ್ಯಾಲ ಒಯ್ಯಾಕ ಮಳಿ-ಗಾಳಿ ತಡಿಯೋ ಟೆಂಟ್: ಚೋರ್ಲಾದಿಂದ ಆಲಮಟ್ಟಿ ತನಕ ಒಂದ ಟೆಂಟ್ ಸಾಕೇನ್ರಿ?

ಹಿಡಕಲ್_ಸವಾರ
ನಮಸ್ಕಾರ್ರಿ ಎಲ್ಲಾರಿಗೂ. ಇಬ್ಬರಿಗೆ ಒಂದು ಟೆಂಟ್ ತಗೋಬೇಕಾಗೇತಿ. ಗಾಡಿ 411 ಸಿಸಿ ಹಿಮಾಲಯನ್, ಎರಡೂ ಕಡೆ ಬಟ್ಟಿ ಬ್ಯಾಗ್, ಹಿಂದ ಒಂದು ರ‍್ಯಾಕ್. ಬಳಕಿ ಮೂರು ತರ: ಜೂನ್‌ದಿಂದ ಸೆಪ್ಟೆಂಬರ್ ಜಾಂಬೋಟಿ, ಚೋರ್ಲಾ, ಆಂಬೋಲಿ ಕಡೆ, ಚಳಿಗಾಲದಾಗ ಬಾದಾಮಿ, ನವಿಲುತೀರ್ಥ, ಏಪ್ರಿಲ್-ಮೇದಾಗ ಆಲಮಟ್ಟಿ, ವಿಜಯಪುರ. ಬಜೆಟ್ 12,000 ದಿಂದ 15,000 ರೂಪಾಯಿ. ಅಂಗಡಿಯವರು ಒಬ್ಬರು "210ಟಿ ಐತಿ, ಭಾಳ ದಪ್ಪ ಬಟ್ಟಿ" ಅಂತಾರ, ಇನ್ನೊಬ್ಬರು "5000 ಎಂಎಂ ವಾಟರ್‌ಪ್ರೂಫ್" ಅಂತಾರ. ಯಾವ ಅಂಕಿ ನೋಡಿ ತಗೋಬೇಕು? ಬೈಕ್ ಸುದ್ದಾ ಒಳಗ ನಿಲ್ಲಿಸೋ ಗ್ಯಾರೇಜ್ ಟೆಂಟ್ ಬಗ್ಗೆನೂ ತಿಳಿದವರು ಹೇಳ್ರಿ.

ಗುಳೇದಗುಡ್ಡ_ಮಗ್ಗ
ಮೊದಲು ಅಂಗಡಿ ಅಂಕಿ ಬಿಡಿಸೋಣ. 210ಟಿ ಅಂದರ ದಪ್ಪ ಅಲ್ರಿ. ಒಂದು ಅಂಗುಲದಾಗ ಹಾಸಿನ ಎಳಿ ಎಷ್ಟು, ಹೊಕ್ಕಿನ ಎಳಿ ಎಷ್ಟು, ಎರಡೂ ಕೂಡಿಸಿದ ಲೆಕ್ಕ ಅದು. ಎಳಿಯ ತೂಕ ಹೇಳೋದು ಡಿನಿಯರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗತೈತಿ ಅನ್ನೋದು ಡಿನಿಯರ್. 75 ಡಿನಿಯರ್ ಅಂದರ ಒಂಬತ್ತು ಕಿಲೋಮೀಟರ್ ಎಳಿ 75 ಗ್ರಾಂ. ಎಳಿ ಸಣ್ಣದಾದಷ್ಟೂ ಅಂಗುಲಕ್ಕ ಹೆಚ್ಚು ಎಳಿ ಕೂಡತಾವ, ಹಿಂಗಾಗಿ ಟಿ ಅಂಕಿ ದೊಡ್ಡದಿದ್ದ ಬಟ್ಟಿ ತೆಳ್ಳಗೂ ಇರಬಹುದು. ಚೀಲದ ಮ್ಯಾಲ ಬರೀ ಟಿ ಇದ್ದು ಡಿನಿಯರ್ ಇಲ್ಲಾಂದ್ರ ಕೇಳ್ರಿ. ಹೇಳಾಕ ಬರದಿದ್ದರ ಆ ಮಾಲು ಬಿಡ್ರಿ.

ಇನ್ನೊಂದು ನೋಡೋದು ರಿಪ್‌ಸ್ಟಾಪ್. ನೇಯುವಾಗ ಪ್ರತಿ 5-8 ಮಿ.ಮೀ.ಗೆ ಒಂದು ದಪ್ಪ ಎಳಿ ಹಾಸಿನೊಳಗೂ ಹೊಕ್ಕಿನೊಳಗೂ ಕೊಟ್ಟಿರತಾರ. ಹರಿದದ್ದು ಆ ಚೌಕಡಿ ಗೆರಿಗೆ ಬಂದು ನಿಲ್ಲತೈತಿ. ಬಟ್ಟಿ ಬೆಳಕಿಗೆ ಹಿಡೀರಿ, ಚೌಕಡಿ ಕಾಣಬೇಕು, ಉಗುರಿನಿಂದ ಸವರಿದರ ಉಬ್ಬು ತಾಗಬೇಕು. ಉಬ್ಬು ತಾಗದಿದ್ದರ ಅದು ಮ್ಯಾಲಿನ ಅಚ್ಚು ಅಷ್ಟ.

ಕಣಕುಂಬಿ_ಮಳೆ
5000 ಎಂಎಂ ಎಂದರೆ ಬಟ್ಟೆಯ ಮೇಲೆ ಐದು ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಹನಿ ಒಳಗೆ ಬರುವುದಿಲ್ಲ ಎಂಬ ಅಳತೆ. ಟಯರ್ ಭಾಷೆಯಲ್ಲಿ ಹೇಳುವುದಾದರೆ 1000 ಎಂಎಂ ಸುಮಾರು 1.4 ಪಿಎಸ್‌ಐ. ಬೀಳುವ ಮಳೆಹನಿಯ ಒತ್ತಡ ತಡೆಯಲು ಹೊರ ಕವರ್‌ಗೆ 2000ದಿಂದ 3000 ಧಾರಾಳ ಸಾಕು. ಅದಕ್ಕಿಂತ ಹೆಚ್ಚಿನ ಅಂಕಿಗೆ ಹಣ ಕೊಡಬೇಡಿ.

ನೆಲದ ಬಟ್ಟೆಯ ಲೆಕ್ಕವೇ ಬೇರೆ. 70 ಕೆ.ಜಿ. ಮನುಷ್ಯ ಎರಡೂ ಮೊಣಕಾಲೂರಿದಾಗ ನೆಲಕ್ಕೆ ತಾಗುವ ಜಾಗ 100 ಚದರ ಸೆಂ.ಮೀ. ಎಂದುಕೊಳ್ಳಿ. ಪ್ರತಿ ಚದರ ಸೆಂ.ಮೀ.ಗೆ 0.7 ಕೆ.ಜಿ. ಬಿತ್ತು, ಅಂದರೆ 7000 ಎಂಎಂ ನೀರಿನ ಕಂಬಕ್ಕೆ ಸಮ. ಕೆಳಗೆ ಕೆಸರಿದ್ದರೆ 5000ದ ನೆಲವೂ ಮೊಣಕಾಲಿನ ಕೆಳಗೆ ಜಿನುಗುತ್ತದೆ. ಬಟ್ಟೆ ತೂತಾಗಿದೆ ಎಂದು ಹೆದರಬೇಡಿ, ಮ್ಯಾಟ್ ಹಾಸಿದರೆ ಭಾರ ಹರಡಿ ಜಿನುಗು ನಿಲ್ಲುತ್ತದೆ. ನೆಲಕ್ಕೆ 3000ಕ್ಕಿಂತ ಕಡಿಮೆ ಬೇಡ, 5000 ಸಿಕ್ಕರೆ ಒಳ್ಳೆಯದು.

ಚೋರ್ಲಾ, ಆಂಬೋಲಿ ಕಡೆಗೆ ಈ ಎಲ್ಲ ಅಂಕಿಗಳಿಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಟೆಂಟ್ ಯಾವ ಕ್ರಮದಲ್ಲಿ ಎದ್ದು ನಿಲ್ಲುತ್ತದೆ? ಆಂಬೋಲಿಯಲ್ಲಿ ವರ್ಷದ ಮಳೆ 7000 ಮಿ.ಮೀ. ದಾಟುತ್ತದೆ. ಆರಿದ್ರಾದಿಂದ ಆಶ್ಲೇಷಾ ತನಕ ಅಲ್ಲಿ "ಮಳೆ ನಿಂತ ಮೇಲೆ ಹಾಕೋಣ" ಎಂಬ ಮಾತಿಗೆ ಅರ್ಥವಿಲ್ಲ. ಮೊದಲು ಒಳ ಟೆಂಟ್ ನಿಲ್ಲಿಸಿ ಆಮೇಲೆ ಹೊರ ಕವರ್ ಹೊದಿಸುವ ಮಾದರಿಯಾದರೆ ಆ ಐದು ನಿಮಿಷದಲ್ಲಿ ಒಳಗಿನ ನೆಲ ತಟ್ಟೆಯ ಹಾಗೆ ನೀರು ತುಂಬಿಕೊಳ್ಳುತ್ತದೆ. ಹೊರ ಕವರ್ ಮೊದಲು ನಿಲ್ಲುವ ಮಾದರಿ, ಅಥವಾ ಎರಡನ್ನೂ ಜೋಡಿಸಿಯೇ ಒಟ್ಟಿಗೆ ಏರಿಸುವ ಮಾದರಿ ಹುಡುಕಿ. ಅಂಗಡಿಯಲ್ಲಿ ನಿಮ್ಮೆದುರಿಗೇ ನಿಲ್ಲಿಸಿ ತೋರಿಸಲು ಕೇಳಿ.

ಹೊರ ಕವರ್‌ನ ಅಂಚು ನೆಲದಿಂದ 3-5 ಸೆಂ.ಮೀ. ಎತ್ತರದಲ್ಲಿ ಮುಗಿಯಬೇಕು. 15 ಸೆಂ.ಮೀ. ಸಂದು ಬಿಟ್ಟಿರುವ ಟೆಂಟ್‌ಗಳು ಬಯಲುಸೀಮೆಯ ಬೇಸಿಗೆಗೆ ಸರಿ, ಆದರೆ ಘಟ್ಟದಲ್ಲಿ ಗಾಳಿ ಅಡ್ಡ ಹೊಡೆದಾಗ ಮಳೆಯೂ ಕೆಂಪು ಕೆಸರೂ ಒಳ ಟೆಂಟ್‌ಗೆ ನೇರ ಚಿಮ್ಮುತ್ತವೆ. ಒಳ ಟೆಂಟ್‌ನ ಕೆಳಗಿನ ಅರ್ಧ ಬಟ್ಟೆಯದ್ದು, ಮೇಲಿನ ಅರ್ಧ ಜಾಳಿಗೆ ಇರುವುದು ನಿಮ್ಮ ಮೂರೂ ಬಳಕೆಗೆ ಹೊಂದುತ್ತದೆ.

ಉದ್ಯಮಬಾಗ_ಫಿಟ್ಟರ್
ಬಟ್ಟಿ ಮಾತು ಎಲ್ಲಾರೂ ಆಡತಾರ. ಗಾಳಿಗೆ ಟೆಂಟ್ ಬೀಳೋದು ಬಟ್ಟಿ ಹರಿದು ಅಲ್ರಿ. ಮೊದಲು ಗೂಟ ಕೀಳತೈತಿ, ಆಮ್ಯಾಲ ಪೋಲ್ ಮುರೀತೈತಿ, ಮುರದ ಪೋಲಿನ ತುದಿ ಬಟ್ಟಿ ಹರೀತೈತಿ. ರೊಕ್ಕ ಹಾಕೋದೂ ಈ ಸಾಲಿನೊಳಗ ಇರಬೇಕು.

ಗಾಳಿ ವೇಗ ಎರಡು ಪಟ್ಟು ಆದರ ಬಲ ನಾಕು ಪಟ್ಟು ಆಕ್ಕೈತಿ. ತಾಸಿಗೆ 30 ಕಿ.ಮೀ. ಗಾಳಿಯೊಳಗ ಆರಾಮ ನಿಂತಿದ್ದ ಟೆಂಟ್‌ಗೆ 60 ಬಂದರ ನಾಕರಷ್ಟು ಎಳತ. ಸವದತ್ತಿ ಗುಡ್ಡದ ಮ್ಯಾಲ ಗಾಳಿ ಗಿರಣಿ ಸುಮ್ಮನ ನಿಲ್ಲಿಸಿಲ್ಲ. ಆಷಾಢದ ಗಾಳಿಯೊಳಗ ನವಿಲುತೀರ್ಥದ ಮ್ಯಾಲಿನ ಗುಡ್ಡದಂಚಿಗೆ ಟೆಂಟ್ ಹಾಕೋದ ಬ್ಯಾಡ.

ಪೋಲ್: ಫೈಬರ್ ಗ್ಲಾಸ್ ಬ್ಯಾಡ, ಅಲ್ಯೂಮಿನಿಯಂ ತಗೋರಿ. 7001-ಟಿ6 ಅಥವಾ 7075 ಅಂತ ಮಿಶ್ರಲೋಹದ ನಂಬರ್ ಬರದಿರಬೇಕು, ದಪ್ಪ 8.5 ಮಿ.ಮೀ.ಗಿಂತ ಕಡಿಮಿ ಬ್ಯಾಡ, 9.5 ಸಿಕ್ಕರ ಇನ್ನೂ ಚಲೋ. ಫೈಬರ್ ಮುರಿದರ ಸೀಳಿ ಚೂರು ಚೂರು ಆಕ್ಕೈತಿ, ಆ ಮುಳ್ಳಿನಂಥ ಎಳಿ ಕೈಗೆ ಚುಚ್ಚಿದರ ತೆಗಿಯಾಕ ಬರಂಗಿಲ್ಲ. ಅಲ್ಯೂಮಿನಿಯಂ ಮೊದಲು ಬಾಗತೈತಿ, ಆಮ್ಯಾಲ ಮುರೀತೈತಿ. ಬಾಗಿದ್ದನ್ನ ಪೂರಾ ನೆಟ್ಟಗ ಮಾಡಾಕ ಹೋಗಬ್ಯಾಡ್ರಿ. ಅದೇ ಜಾಗಾದಾಗ ಎರಡನೇ ಸಲ ಮಣಿಸಿದರ ಸೀಳು ಬೀಳತೈತಿ. ಅರ್ಧ ನೆಟ್ಟಗಾದರ ಸಾಕು, ಬಳಸ್ರಿ.

ಪೋಲ್ ಮುರಿಯೋ ಜಾಗ ಹೆಚ್ಚಿನಂಶ ಒಂದ: ಎರಡು ತುಂಡು ಕೂಡೋ ಬಾಯಿ. ಕತ್ತಲಾಗ ಅವಸರದೊಳಗ ತುಂಡು ಪೂರಾ ಒಳಗ ಕೂಡ್ರಂಗಿಲ್ಲ, 5 ಮಿ.ಮೀ. ಹೊರಗ ಉಳೀತೈತಿ. ಪೋಲ್ ಬಾಗಿದಾಗ ಎಲ್ಲಾ ಒತ್ತಡ ಆ ತೆಳು ಅಂಚಿನ ಮ್ಯಾಲ ಬಿದ್ದು ಬಾಯಿ ಒಡೀತೈತಿ. ಪ್ರತಿ ಸಂದಿ ಬೆರಳಿನಿಂದ ಮುಟ್ಟಿ ನೋಡಿ ಆಮ್ಯಾಲ ಬಗ್ಗಿಸ್ರಿ. ಪೋಲ್ ಝಾಡಿಸಿ "ಪಟ ಪಟ" ತಾನ ಕೂಡ್ರಲಿ ಅಂತ ಬಿಡಬ್ಯಾಡ್ರಿ.

ಜೋಡಿ ಒಂದು ತೋಳು ಇಟ್ಕೋರಿ: ಪೋಲಿನ ಹೊರ ದಪ್ಪಕ್ಕಿಂತ ಒಳ ಅಳತಿ ಅರ್ಧ ಮಿ.ಮೀ.ದಿಂದ ಒಂದು ಮಿ.ಮೀ. ಹೆಚ್ಚಿರೋ ಅಲ್ಯೂಮಿನಿಯಂ ಪೈಪು, 12-15 ಸೆಂ.ಮೀ. ಉದ್ದ. ಮುರದ ಜಾಗಾದ ಮ್ಯಾಲ ಸರಸಿ ಎರಡೂ ಕಡೆ ಟೇಪ್ ಸುತ್ತಿದರ ಮನಿ ಮುಟ್ಟತನಕ ತಡೀತೈತಿ. ಪೈಪಿನ ಬಾಯಿ ಅರದಿಂದ ನುಣ್ಣಗ ಮಾಡಿರಬೇಕು, ಇಲ್ಲಾಂದ್ರ ಅದ ಪೋಲ್ ಕೊರೀತೈತಿ.

ಹಿಡಕಲ್_ಸವಾರ
ಫಿಟ್ಟರ್ ಅಣ್ಣಾ, ಗೂಟದ ವಿಷಯ ಬಿಟ್ರಿ. ಟೆಂಟ್ ಜೋಡಿ ಬರೋ ತೆಳ್ಳನ ತಂತಿ ಗೂಟ ನಡೀತಾವೇನು?

ಉದ್ಯಮಬಾಗ_ಫಿಟ್ಟರ್
ನಡಿಯಂಗಿಲ್ಲ. ಅವು ಹುಲ್ಲಿನ ಅಂಗಳಕ್ಕ ಮಾಡಿದ್ದು. ನಿಮ್ಮ ಕಡೆ ಮೂರು ತರದ ನೆಲ ಐತಿ, ಗೂಟಾನೂ ಎರಡು ತರ ಒಯ್ಯಬೇಕು.

ಖಾನಾಪುರ ಕಡೆ ಕೆಂಪು ಜಂಬಿಟ್ಟಿಗಿ, ಮತ್ತ ಎಲ್ಲೇ ಗರಸು ಇದ್ದಲ್ಲಿ: 8 ಮಿ.ಮೀ. ಎಂಎಸ್ (ಸಾದಾ ಉಕ್ಕಿನ) ರಾಡ್, 25-30 ಸೆಂ.ಮೀ. ತೂಕದ ಲೆಕ್ಕ ಸರಳ: ಮಿ.ಮೀ. ದಪ್ಪದ ವರ್ಗಾನ 162ರಿಂದ ಭಾಗಿಸ್ರಿ, ಮೀಟರಿಗೆ ಎಷ್ಟು ಕೆ.ಜಿ. ಅಂತ ಬರತೈತಿ. 8 ಮಿ.ಮೀ. ರಾಡ್ ಮೀಟರಿಗೆ 395 ಗ್ರಾಂ, 30 ಸೆಂ.ಮೀ. ಗೂಟ 120 ಗ್ರಾಂ ಆಸುಪಾಸು. 6 ಮಿ.ಮೀ. ಆದರ ಮೀಟರಿಗೆ 222 ಗ್ರಾಂ, ಆದರ ಕಲ್ಲಿಗೆ ತಾಗಿದ ಕೂಡಲೇ ಡೊಂಕಾಕ್ಕೈತಿ. ಎಂಟು ಗೂಟ ಮಾಡಸಿದರ ಒಂದು ಕೆ.ಜಿ. ಒಳಗ. ಬೈಕಿಗೆ ಅದೇನು ಭಾರ ಅಲ್ಲ, ಆದರ ಬ್ಯಾಗಿನ ತಳಕ್ಕ ಇಡ್ರಿ. ತುದಿ ಮೊಂಡ ಚೂಪು ಸಾಕು, ಸೂಜಿಹಂಗ ಮಾಡಿದರ ಕಲ್ಲಿನ ಸಂದಿಯೊಳಗ ಹಾದಿ ತಪ್ಪತೈತಿ.

ಎರಿ ಮಣ್ಣಿಗೆ ದುಂಡ ರಾಡ್ ಕೆಲಸಕ್ಕ ಬರಂಗಿಲ್ಲ, ಹಸಿ ಮಣ್ಣಿನೊಳಗ ಬೆಣ್ಣಿಯಿಂದ ಚಾಕು ಬಂದಂಗ ಎದ್ದು ಬರತೈತಿ. ಅಲ್ಲಿಗೆ 20×20×2 ಮಿ.ಮೀ. ಅಲ್ಯೂಮಿನಿಯಂ ಆ್ಯಂಗಲ್, 30 ಸೆಂ.ಮೀ. ಉದ್ದ. ಒಂದು ಗೂಟ 60 ಗ್ರಾಂ ಚಿಲ್ಲರ, ಅಂದರ ರಾಡಿನ ಅರ್ಧ ತೂಕ, ಹಿಡಿತ ಎಷ್ಟೋ ಹೆಚ್ಚು, ಯಾಕಂದರ ಮಣ್ಣು ಒತ್ತಿ ಹಿಡಿಯೋ ಅಗಲ ಹೆಚ್ಚು. ಮ್ಯಾಲಿಂದ 2 ಸೆಂ.ಮೀ. ಕೆಳಗ 5 ಮಿ.ಮೀ. ತೂತು ಹಾಕಿ ನೂಲಿನ ಹುರಿ ಕುಣಿಕಿ ಕಟ್ಟರಿ, ಕೀಳಾಕ ಅನುಕೂಲ. ಅಂಚೆಲ್ಲಾ ಅರ ಹಾಕಿಸ್ರಿ. ಅಂಚು ಚೂಪಿದ್ದರ ರಾತ್ರಿ ಗಾಳಿಗೆ ಹಗ್ಗ ಹಂದಾಡಿ ಹಂದಾಡಿ ಕತ್ತರಿಸಿ ಹೋಕ್ಕೈತಿ.

ಗೂಟದ ತಲಿ ಟೆಂಟಿನಿಂದ ಹೊರಗ ವಾಲಿರಬೇಕು, ಹಗ್ಗ ನೆಲದ ಮಟ್ಟಕ್ಕ ಕಟ್ಟಿರಬೇಕು. ಗೂಟ 10 ಸೆಂ.ಮೀ. ಮ್ಯಾಲ ಉಳದು ಅದರ ತುದಿಗೆ ಹಗ್ಗ ಕಟ್ಟಿದರ ಅದು ಸನ್ನಿಕೋಲು ಆಕ್ಕೈತಿ, ತಾನ ತನ್ನ ಬುಡ ಕೀಳತೈತಿ. ಪೂರಾ ಇಳಿಯದಿದ್ದರ ಹಗ್ಗದ ಕುಣಿಕಿ ಕೆಳಗ ಸರಸ್ರಿ.

ಎರಿಹೊಲ_ವಿಜಯಪುರ
ಫಿಟ್ಟರ್ ಅವರ ಮಾತು ಖರೇ ಅದ, ಆದ್ರ ಒಂದು ಸೇರಸ್ತೀನಿ. ಹಸಿ ಎರಿ ಭೂಮಿಯೊಳಗ ಯಾವ ಗೂಟಾನೂ ಪೂರಾ ನಂಬಬ್ಯಾಡ್ರಿ. ಎರಿ ಮಣ್ಣು ನೀರು ಕುಡದು ಉಬ್ಬತದ, ಒಣಗಿದಾಗ ಬಿರಕ ಬಿಡತದ. ಬ್ಯಾಸಗ್ಯಾಗ ಸಂಜೀಕ ಕಬ್ಬಿಣದಂಗ ಹಿಡದ ಗೂಟ, ರಾತ್ರಿ ಅಡ್ಡಮಳಿ ಒಂದು ತಾಸು ಹೊಡದ್ರ ಸಡಿಲ ಆಗತದ. ಬಿರಕಿನ ಸಮೀಪ ಗೂಟ ಹೊಡೀಲೇಬ್ಯಾಡ್ರಿ, ಒಂದು ಗೇಣರೆ ದೂರ ಇರಲಿ.

ಅಲ್ಲಿ ಉಪಾಯ ಹೂಳು ಚೀಲ. ಖಾಲಿ ಗೊಬ್ಬರದ ಚೀಲದ ಬಟ್ಟಿಯೊಳಗ 30×40 ಸೆಂ.ಮೀ. ಸಣ್ಣ ಚೀಲ ನಾಕು ಹೊಲಿಸಿ ಇಟ್ಕೋರಿ. ಮಣ್ಣು ತುಂಬಿ ಬಾಯಿ ಕಟ್ಟಿ, ಗಾಳಿ ಬರೋ ಕಡೆಯ ಹಗ್ಗ ಅದಕ್ಕ ಕಟ್ಟಿ, ಒಂದು ಮಳ ಆಳ ತೆಗ್ಗು ತೋಡಿ ಹೂಳ್ರಿ. ತೋಡೂದು ಆಗಂಗಿಲ್ಲ ಅಂದ್ರ ಗೂಟ ಹೊಡದು ಅದರ ಮ್ಯಾಲ ತುಂಬಿದ ಚೀಲ ಹೇರ್ರಿ. ಒಂದ ಹಗ್ಗಕ್ಕ ಒಂದರ ಹಿಂದ ಒಂದು ಎರಡು ಗೂಟ ಹೊಡದು, ಮುಂದಿನ ಗೂಟದ ತಲಿ ಹಿಂದಿನ ಗೂಟದ ಬುಡಕ್ಕ ಕಟ್ಟಿದ್ರೂ ಹಿಡಿತ ಚಲೋ ಬರತದ.

ಇಷ್ಟೆಲ್ಲಾ ಮಾಡೂಕಿಂತ ಮಳಿ ಬರೋ ಲಕ್ಷಣ ಇದ್ರ ಎರಿ ಹೊಲಕ್ಕ ಇಳೀಲೇಬ್ಯಾಡ್ರಿ. ಬೆಳಿಗ್ಗಿ ಗಾಡಿ ಹೊರಗ ಬರಂಗಿಲ್ಲ. ಟಯರ್ ಮತ್ತ ಮುಂದಿನ ಮಡ್‌ಗಾರ್ಡ್ ನಡು ಮಣ್ಣು ಮೆತ್ತಿ ಮೆತ್ತಿ ಚಕ್ರ ತಿರಗೂದು ನಿಲ್ಲತದ. ನಿಮ್ಮ ಹಿಮಾಲಯನ್‌ಗೆ ಎತ್ತರದ ಮಡ್‌ಗಾರ್ಡ್ ಅದ, ಆದ್ರ ಟಯರ್ ಹತ್ತಿರ ಸಣ್ಣದೂ ಒಂದು ಅದ, ಅಲ್ಲಿ ಸಿಗತದ. ಗರಸು ಬಿದ್ದ ದಿಬ್ಬ, ಬಂಡಿ ದಾರಿ ಬಾಜೂಕಿನ ಗಟ್ಟಿ ನೆಲ ಹುಡುಕ್ರಿ. ಹೊಲದವರನ್ನ ಕೇಳಿ ಹಾಕ್ರಿ, ಅವರ ಗಟ್ಟಿ ಜಾಗ ತೋರಸ್ತಾರ. ಸೈಡ್ ಸ್ಟ್ಯಾಂಡ್ ಕೆಳಗ 10×10 ಸೆಂ.ಮೀ. ತಗಡಿನ ತುಂಡು ಇರಲಿ.

ಬಾದಾಮಿ_ಬಂಡೆ
ಬಾದಾಮಿ ಕಡೆ ಮರಳುಗಲ್ಲಿನ ಹಾಸುಬಂಡಿ. ಗೂಟ ಹೋಗಂಗಿಲ್ಲ. ಅದಕ್ಕ ಗೂಟ ಇಲ್ಲದನೂ ತನ್ನ ಕಾಲಮ್ಯಾಲ ನಿಲ್ಲೋ ಗುಮ್ಮಟ ಆಕಾರದ ಟೆಂಟ್ ಬೇಕು. ಸುರಂಗದ ಆಕಾರದ್ದು ಇಲ್ಲಿ ನಿಲ್ಲಂಗಿಲ್ಲ, ಅದು ಎರಡೂ ತುದಿ ಎಳದು ಕಟ್ಟಿದರ ಮಾತ್ರ ಟೆಂಟ್.

ಕಲ್ಲಿಗೆ ಕಟ್ಟೋ ರೀತಿ: ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಗ್ಗ ಸುತ್ತಿ ನೆಲಕ್ಕ ಇಡ್ರಿ, ಅದರ ಮುಂದ, ಟೆಂಟಿನ ಕಡೆ, ಹಗ್ಗದ ಮ್ಯಾಲ 15-20 ಕೆ.ಜಿ. ದೊಡ್ಡ ಕಲ್ಲು ಹೇರ್ರಿ. ಹಗ್ಗ ಎಳದಷ್ಟೂ ಸಣ್ಣ ಕಲ್ಲು ದೊಡ್ಡ ಕಲ್ಲಿಗೆ ಬಂದು ಆನತೈತಿ. ಹಗ್ಗ ನೇರ ದೊಡ್ಡ ಕಲ್ಲಿಗೆ ಕಟ್ಟಬ್ಯಾಡ್ರಿ, ಮರಳುಗಲ್ಲು ಸಾಣಿ ಕಲ್ಲಿದ್ದಂಗ, ಹಗ್ಗ ತೇದು ಹೋಕ್ಕೈತಿ. ಕಲ್ಲಿಗೆ ತಾಗೋ ಜಾಗಕ್ಕ ಹಳೆ ಸೈಕಲ್ ಟ್ಯೂಬ್ ಒಂದು ಗೇಣು ಸರಸ್ರಿ. ಇದರ ಸಲುವಾಗಿ ಪ್ರತಿ ಮೂಲಿಗೆ 2 ಮೀಟರ್ ಹೆಚ್ಚಿನ ಹಗ್ಗ ಒಯ್ಯರಿ.

ಗುಡಿ, ಗುಹಾ, ಕೋಟಿ ಸುತ್ತಮುತ್ತ ಪುರಾತತ್ವ ಇಲಾಖೆ ಜಾಗ, ಅಲ್ಲಿ ಹಾಕಾಕ ಬರಂಗಿಲ್ಲ. ಜಾಲಿ ಗಿಡದ ಕೆಳಗ ಅಂತೂ ಬ್ಯಾಡ. ಒಣ ಜಾಲಿ ಮುಳ್ಳು ನೆಲದ ಬಟ್ಟಿ ಮತ್ತ ಗಾಳಿ ಮ್ಯಾಟ್ ಎರಡೂ ಕೂಡೇ ಚುಚ್ಚತೈತಿ. ಹಾಕೋಕಿಂತ ಮೊದಲು ಜಾಗ ಕೈಯಿಂದ ಸವರಿ ನೋಡ್ರಿ, ಬೂಟಿನಿಂದ ಸವರಿದರ ಮುಳ್ಳು ತಿಳಿಯಂಗಿಲ್ಲ.

ಚಿಕ್ಕೋಡಿ_350
ಗ್ಯಾರೇಜ್ ಟೆಂಟ್ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ಬೈಕೂ ಒಳಗ, ನಾವೂ ಒಳಗ ಅಂದರ ಮಳ್ಯಾಗ ಚಲೋ ಅಲ್ಲೇನ್ರಿ?

ಕಣಕುಂಬಿ_ಮಳೆ
ಶಾಂತ ಹವಾಮಾನಕ್ಕೆ ಅನುಕೂಲ, ಕಠಿಣ ಹವಾಮಾನಕ್ಕೆ ಅಲ್ಲ. ಬೈಕ್ ಒಳಗೆ ನಿಲ್ಲಬೇಕಾದರೆ ಟೆಂಟ್ ಒಂದೂವರೆ ಮೀಟರಿಗಿಂತ ಎತ್ತರ ಬೇಕು. ಗಾಳಿಗೆ ಸಿಗುವ ಮೈ ಅಷ್ಟು ಹೆಚ್ಚುತ್ತದೆ. ಇಬ್ಬರ ಸಾಮಾನ್ಯ ಟೆಂಟ್‌ನ ಎತ್ತರ 100-115 ಸೆಂ.ಮೀ. ಮಾತ್ರ. ಗ್ಯಾರೇಜ್ ಮಾದರಿಗಳು ಐದು ಕೆ.ಜಿ. ದಾಟುತ್ತವೆ, ಹಾಕಲು ಅಷ್ಟು ದೊಡ್ಡ ಸಮತಟ್ಟು ಜಾಗ ಘಟ್ಟದಲ್ಲಿ ಸಿಗುವುದೂ ಕಷ್ಟ. ಮೇಲಾಗಿ ಬಿಸಿ ಸೈಲೆನ್ಸರ್‌ಗೆ ಬಟ್ಟೆ ತಾಗಿದರೆ ಕರಗುತ್ತದೆ, ನೈಲಾನ್ ಸುಮಾರು 220 ಡಿಗ್ರಿಗೆ, ಪಾಲಿಯೆಸ್ಟರ್ 255ರ ಹತ್ತಿರ. ಪೆಟ್ರೋಲ್ ಆವಿ ಮಲಗುವ ಜಾಗದಲ್ಲಿ ಸೇರುವುದು ಅದಕ್ಕಿಂತ ಕೆಟ್ಟದ್ದು.

ಬೈಕನ್ನು ಹೊರಗೇ ನಿಲ್ಲಿಸಿ, ಮೇಲೆ ಒಂದು ಮಳೆ ಕವರ್ ಹಾಕಿ. ಟೆಂಟ್‌ನಿಂದ ಬೈಕ್‌ನ ಎತ್ತರಕ್ಕಿಂತ ಹೆಚ್ಚು ದೂರ, ಅಂದರೆ ಎರಡು ಮೀಟರ್ ಇರಲಿ, ಬಿದ್ದರೂ ನಿಮ್ಮ ಮೇಲೆ ಬೀಳಬಾರದು. ಬೈಕ್‌ಗೆ ಟೆಂಟ್‌ನ ಹಗ್ಗ ಕಟ್ಟುವ ರೂಢಿ ಕೆಲವರಲ್ಲಿದೆ, ಅದನ್ನೂ ಮಾಡಬೇಡಿ. ಬಿರುಗಾಳಿಗೆ ಒಂದು ಬಿದ್ದರೆ ಇನ್ನೊಂದನ್ನೂ ಎಳೆದುಕೊಳ್ಳುತ್ತದೆ.

ಗ್ಯಾರೇಜ್ ಬದಲು ಎರಡೂ ಕಡೆ ಬಾಗಿಲು, ಎರಡೂ ಕಡೆ 60-80 ಸೆಂ.ಮೀ. ಪಡಸಾಲೆ ಇರುವ ಟೆಂಟ್ ನೋಡಿ. ಒದ್ದೆ ಜಾಕೆಟ್, ಬೂಟು, ಹೆಲ್ಮೆಟ್, ಸೈಡ್ ಬ್ಯಾಗ್ ಅಲ್ಲಿರುತ್ತವೆ. ಗಾಳಿ ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆಯಿಂದ ಓಡಾಡಬಹುದು. "ಇಬ್ಬರದು" ಎಂದು ಬರೆದಿರುವುದು ಹೆಗಲಿಗೆ ಹೆಗಲು ತಾಗಿಸಿ ಮಲಗುವ ಅಳತೆ. ಸವಾರಿ ಸಾಮಾನು ಇರುವ ಇಬ್ಬರಿಗೆ ಮೂರು ಜನರ ಟೆಂಟ್ ಸರಿಯಾಗುತ್ತದೆ, ಆದರೆ ಅಲ್ಲಿಗೇ ನಿಲ್ಲಿಸಿ, ನಾಲ್ಕು ಜನರದು ಬೇಡ.

ಗುಳೇದಗುಡ್ಡ_ಮಗ್ಗ
ಬಟ್ಟಿ ಆಯ್ಕಿ ಇನ್ನೂ ಉಳದೈತಿ. ಪೇಟಿಯೊಳಗ ಮುಖ್ಯ ಎರಡು: ಪಿಯು (ಪಾಲಿಯುರೆಥೇನ್) ಲೇಪ ಇರೋ ಪಾಲಿಯೆಸ್ಟರ್, ಸಿಲಿಕೋನ್ ಲೇಪ ಇರೋ ನೈಲಾನ್. ನನ್ನ ಮತ ಸಿಲಿಕೋನ್ ನೈಲಾನ್ 30-40 ಡಿನಿಯರ್ ಕಡೆ. ಸಿಲಿಕೋನ್ ಲೇಪದ ಬಟ್ಟಿಯೊಳಗ ಎಳಿಗಳು ಜಾರಿ ಗುಂಪಾಗಿ ಎಳತ ತಡಕೋತಾವ, ಹರಿಯೋದು ಕಡಿಮಿ. ಪಿಯು ಎಳಿಗಳನ್ನ ಒಂದಕ್ಕೊಂದು ಅಂಟಿಸಿ ಬಿಗಿ ಮಾಡತೈತಿ, ಅದಕ್ಕ ಒಂದೊಂದ ಎಳಿ ಸರದಿ ಮ್ಯಾಲ ಹರಕೋತ ಹೋಕ್ಕೈತಿ. ಮ್ಯಾಲ ಪಿಯು ನಮ್ಮ ಸೆಕಿ, ತೇವಕ್ಕ ಕೊಳೀತೈತಿ. ಒದ್ದಿ ಟೆಂಟ್ ಚೀಲದಾಗ ಕಟ್ಟಿ ಅಟ್ಟದ ಮ್ಯಾಲ ಒಂದು ಬ್ಯಾಸಗಿ ಇಟ್ಟರ ಲೇಪ ಅಂಟಂಟ ಆಗಿ, ಹುಳಿ ವಾಸನಿ ಬಂದು, ಹೊಟ್ಟಿನಂಗ ಉದರತೈತಿ. ಆದ ಮ್ಯಾಲ ರಿಪೇರಿ ಇಲ್ಲ. ಸಿಲಿಕೋನ್‌ಗೆ ಈ ರೋಗ ಇಲ್ಲ.

ಕಣಕುಂಬಿ_ಮಳೆ
ಹರಿಯುವ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಆಯ್ಕೆಯಲ್ಲಿ ಇಲ್ಲ. ನೈಲಾನ್ ನೀರು ಹೀರಿ ಉದ್ದವಾಗುತ್ತದೆ. ಸಂಜೆ ಬಿಗಿದು ಕಟ್ಟಿದ ಹೊರ ಕವರ್ ಮಧ್ಯರಾತ್ರಿಗೆ ಜೋತುಬಿದ್ದು ಒಳ ಟೆಂಟ್‌ಗೆ ಅಂಟುತ್ತದೆ, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಇಡೀ ರಾತ್ರಿ ಸುರಿಯುವ ಮಳೆಯಲ್ಲಿ ಎದ್ದು ಹಗ್ಗ ಬಿಗಿಯುತ್ತಿರಬೇಕು. ಪಾಲಿಯೆಸ್ಟರ್ ಹೀಗೆ ಜೋಲುವುದಿಲ್ಲ. ವಿಜಯಪುರದ ಬಿಸಿಲಿಗೂ ಪಾಲಿಯೆಸ್ಟರ್ ಹೆಚ್ಚು ತಡೆಯುತ್ತದೆ, ನೈಲಾನ್ ಅತಿನೇರಳೆ ಕಿರಣಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. 20 ಡಿನಿಯರ್ ನೈಲಾನ್ ಟೆಂಟ್ ಮಾಡಿದ್ದೇ ಬೆನ್ನ ಮೇಲೆ ಹೊತ್ತು ನಡೆಯುವವರಿಗೆ, ಒಂದು ಕೆ.ಜಿ. ಉಳಿಸಲಿಕ್ಕೆ. ಹೊರುವುದು ಎಂಜಿನ್ ಆಗಿರುವಾಗ 68-75 ಡಿನಿಯರ್ ಪಾಲಿಯೆಸ್ಟರ್ ರಿಪ್‌ಸ್ಟಾಪ್, 3000 ಎಂಎಂ ಪಿಯು ಲೇಪ, ಒಟ್ಟು 3ರಿಂದ 4 ಕೆ.ಜಿ. ಟೆಂಟ್ ಯಾಕೆ ಬೇಡ?

ಇನ್ನೂ ಒಂದು ಕಾರಣ: ಹೊಲಿಗೆ ಟೇಪು ಪಿಯು ಮೇಲೆ ಅಂಟುತ್ತದೆ, ಸಿಲಿಕೋನ್ ಮೇಲೆ ಅಂಟುವುದಿಲ್ಲ. ಎರಡೂ ಮೈ ಸಿಲಿಕೋನ್ ಇರುವ ಟೆಂಟ್ ಕೊಂಡರೆ ಹೊಲಿಗೆಗಳನ್ನೆಲ್ಲ ನೀವೇ ಸಿಲಿಕೋನ್ ಸೀಲಂಟ್ ಹಚ್ಚಿ ಮುಚ್ಚಬೇಕು.

ಗುಳೇದಗುಡ್ಡ_ಮಗ್ಗ
ಜೋಲೋದು ಖರೇ, ಅಲ್ಲಗಳಿಯಂಗಿಲ್ಲ. ಆಂಬೋಲಿ ಮಳಿಗೆ ಪಾಲಿಯೆಸ್ಟರ್ ಅಂದರ ಒಪ್ಪತೀನಿ. ಆದರ ಪಿಯು ತಗೊಂಡವರು ಒಣಗಿಸಿ ಇಡೋ ಶಿಸ್ತು ಇದ್ದರ ಮಾತ್ರ ತಗೋಬೇಕು, ಇದನ್ನ ನಾನು ಬಿಡಂಗಿಲ್ಲ. ಚೀಲದ ಮ್ಯಾಲ "ಪಾಲಿಈಥರ್ ಪಿಯು" ಅಂತಿದ್ದರ ಅದು ತೇವಕ್ಕ ಹೆಚ್ಚು ತಾಳತೈತಿ, ನಾಕು ರೂಪಾಯಿ ಹೆಚ್ಚಾದರೂ ಅದನ್ನ ತಗೋರಿ.

ಹಿಡಕಲ್_ಸವಾರ
ಹಂಗಾದರ ಎರಡು ಬಾಗಿಲ, ಹೊರ ಕವರ್ ಮೊದಲು, 68-75 ಡಿನಿಯರ್ ಪಾಲಿಯೆಸ್ಟರ್, ಅಲ್ಯೂಮಿನಿಯಂ ಪೋಲ್ ಅಂತ ಹುಡುಕತೀನಿ. ಪೋಲ್ ಎರಡು ಸಾಕೇನು, ಮೂರು ಇರಬೇಕೇನು?

ಉದ್ಯಮಬಾಗ_ಫಿಟ್ಟರ್
ಎರಡು ಪೋಲ್ ನಡಕ್ಕ ಒಂದ ಕಡೆ ಹಾಯತಾವ. ಅವುಗಳ ನಡುವಿನ ಬಟ್ಟಿ ಅಗಲ, ಗಾಳಿ ಅಲ್ಲೇ ಒಳಗ ಒತ್ತತೈತಿ. ಮೂರನೇ ಪೋಲ್ ಬಂದರ ಹಾಯೋ ಜಾಗ ಹೆಚ್ಚಾಗಿ ಬಟ್ಟಿ ತುಂಡು ತುಂಡಾಗಿ ಬಿಗೀತೈತಿ. ಬಜೆಟ್‌ನೊಳಗ ಮೂರು ಪೋಲಿನದು ಸಿಕ್ಕರ ಅದ ಸರಿ. ಸಿಗದಿದ್ದರ ಎರಡು ಪೋಲಿನ ಟೆಂಟ್‌ಗೆ ಪೋಲಿನ ಅರ್ಧ ಎತ್ತರದಾಗ ಹಗ್ಗ ಕಟ್ಟೋ ಕುಣಿಕಿ ಇರಬೇಕು, ಆ ಕುಣಿಕಿಯ ಒಳಮೈಗೆ ಪೋಲಿಗೆ ಸುತ್ತೋ ವೆಲ್ಕ್ರೋ ಪಟ್ಟಿ ಇರಬೇಕು. ಆ ಪಟ್ಟಿ ಇಲ್ಲಾಂದ್ರ ಹಗ್ಗ ಬರೀ ಬಟ್ಟಿ ಎಳೀತೈತಿ, ಪೋಲಿಗೆ ಆಸರಿ ಇಲ್ಲ. ಬಹಳ ಮಂದಿ ಪಟ್ಟಿ ಇದ್ದರೂ ಸುತ್ತಂಗಿಲ್ಲ.

ಮಡಚಿದ ಪೋಲಿನ ಉದ್ದ ಅಂಗಡಿಯೊಳಗ ಅಳೀರಿ. 45 ಸೆಂ.ಮೀ. ಒಳಗ ಇದ್ದರ ನಿಮ್ಮ ಸೈಡ್ ಬ್ಯಾಗಿಗೆ ಹೋಕ್ಕೈತಿ. 60 ಆದರ ರ‍್ಯಾಕ್ ಮ್ಯಾಲ ಅಡ್ಡ ಕಟ್ಟಬೇಕು. ಸೈಲೆನ್ಸರ್ ಇರೋ ಬಲಗಡೆ ಬ್ಯಾಗಿಗೆ ಬಟ್ಟಿ ಬ್ಯಾಡ, ಅಲ್ಲಿ ಗೂಟ, ಸಲಕರಣಿ ಹಾಕ್ರಿ. ರ‍್ಯಾಕಿಗೆ ಕಟ್ಟೋವಾಗ ಕೊಕ್ಕಿ ಇರೋ ರಬ್ಬರ್ ಹಗ್ಗ ಬ್ಯಾಡ, ಬಕಲ್ ಪಟ್ಟಿ ಬಳಸ್ರಿ. ಕೊಕ್ಕಿ ಬಿಚ್ಚಿ ಚಕ್ರಕ್ಕ ಸಿಕ್ಕರ ಚಕ್ರ ಜಾಮ್ ಆಕ್ಕೈತಿ. ಪಟ್ಟಿಯ ಉಳದ ತುದಿ ಸುತ್ತಿ ಒಳಗ ಸಿಗಸ್ರಿ.

ಚಿಕ್ಕೋಡಿ_350
ಹಗ್ಗ ಎಂಥಾದ್ದು ಇರಬೇಕ್ರಿ?

ಉದ್ಯಮಬಾಗ_ಫಿಟ್ಟರ್
2.5-3 ಮಿ.ಮೀ. ಪಾಲಿಯೆಸ್ಟರ್. ನೈಲಾನ್ ಹಗ್ಗ ಹಸಿ ಆದರ ಜಗ್ಗತೈತಿ. ಕೆಲವು ಹಗ್ಗಕ್ಕ ಬೆಳಕು ಮಿಂಚೋ ಎಳಿ ಇರತೈತಿ, ರಾತ್ರಿ ಕಾಲಿಗೆ ತೊಡರಂಗಿಲ್ಲ. ಜೀರುಗುಣಿಕಿ ಹಾಕಾಕ ಬಂದರ ಪ್ಲಾಸ್ಟಿಕ್ ಬಿಗಿಕಿ ಇಲ್ಲದನೂ ನಡೀತೈತಿ.

ಎರಿಹೊಲ_ವಿಜಯಪುರ
ಏಪ್ರಿಲ್-ಮೇ ಬಗ್ಗೆ ಕೇಳ್ರಿ. ಈ ಭಾಗದ ಅಪಾಯ ಘಟ್ಟದ ಮಳಿಯಂಥಾದ್ದಲ್ಲ. ಹಗಲೆಲ್ಲಾ 40 ಡಿಗ್ರಿ ಕುದ್ದು, ಸಂಜಿ ನಾಕರ ಮ್ಯಾಲ ಮೋಡ ಏರತದ. ಮೊದಲು ಧೂಳಿನ ಬಿರುಗಾಳಿ, ಹಿಂದ ಗುಡುಗು, ಸಿಡಿಲು, ಕೆಲವೊಮ್ಮೆ ಆಣಿಕಲ್ಲು. ಗಾಳಿ ಒಂದು ದಿಕ್ಕಿನಿಂದ ಶುರುವಾಗಿ ಮೋಡ ದಾಟೂದರೊಳಗ ಇನ್ನೊಂದು ದಿಕ್ಕಿಗೆ ತಿರಗತದ. ಅದಕ್ಕ "ಗಾಳಿ ಪಶ್ಚಿಮದ್ದು, ಆ ಕಡೆ ಅಷ್ಟ ಹಗ್ಗ ಕಟ್ಟಿದ್ರ ಸಾಕು" ಅನ್ನೂ ಮಾತು ಜುಲೈಗೆ ಸರಿ, ಮೇ ತಿಂಗಳಿಗೆ ತಪ್ಪು. ನಾಕೂ ಕಡೆ ಕಟ್ಟರಿ.

ಸಿಡಿಲಿಗೆ ಟೆಂಟ್ ರಕ್ಷಣಿ ಅಲ್ಲ, ಬೈಕೂ ಅಲ್ಲ. ಮಿಂಚಿಗೂ ಗುಡುಗಿಗೂ ನಡುವ 30 ಸೆಕೆಂಡಿಗಿಂತ ಕಡಿಮಿ ಆದ್ರ ಮೋಡ 10 ಕಿ.ಮೀ. ಒಳಗ ಅದ ಅಂತ ತಿಳೀರಿ, ಆಗ ಟೆಂಟ್ ಅಲ್ಲೇ ಬಿಟ್ಟು ಪಕ್ಕಾ ಕಟ್ಟಡಕ್ಕ ಅಥವಾ ಮುಚ್ಚಿದ ಕಾರಿಗೆ ಹೋಗ್ರಿ. ಕಡೀ ಗುಡುಗು ಕೇಳಿದ ಮ್ಯಾಲ ಅರ್ಧ ತಾಸು ಹೊರಗ ಬರಬ್ಯಾಡ್ರಿ. ಬಯಲಿನಾಗ ಒಂಟಿ ಬೇವಿನ ಗಿಡದ ಕೆಳಗ ನೆರಳು ಚಲೋ ಅಂತ ಟೆಂಟ್ ಹಾಕೂದು ಸಿಡಿಲಿಗೆ ಜಾಗ ತೋರಿಸಿದಂಗ. ಅದಕ್ಕ ಜಾಗ ಆರಿಸೂವಾಗನ ಹತ್ತಿರ ಶಾಲಿ, ಗುಡಿ, ಯಾವುದರೆ ಪಕ್ಕಾ ಕಟ್ಟಡ ಎಷ್ಟು ದೂರ ಅದ ನೋಡಿಕೊಂಡಿರ್ರಿ.

ಸೆಕಿಗೆ: ಟೆಂಟಿನ ಮ್ಯಾಲ 30 ಸೆಂ.ಮೀ. ಸಂದು ಬಿಟ್ಟು ಬೆಳ್ಳಿ ಬಣ್ಣದ ತಾಡಪತ್ರಿ ಕಟ್ಟರಿ. ನೇರ ಟೆಂಟ್ ಮ್ಯಾಲ ಹಾಸಬ್ಯಾಡ್ರಿ, ಗಾಳಿ ಹೋಗೂ ಕಿಂಡಿ ಮುಚ್ಚತಾವ. ಮೋಡ ಕಂಡ ಕೂಡ್ಲೆ ತಾಡಪತ್ರಿ ಮೊದಲು ಬಿಚ್ಚರಿ.

ನೀರಿನ ದಂಡಿ ವಿಷಯ ಇನ್ನೊಂದು. ಆಲಮಟ್ಟಿ ಪೂರ್ಣ ಮಟ್ಟ 519.6 ಮೀಟರ್. ಬ್ಯಾಸಗ್ಯಾಗ ಹಿನ್ನೀರು ಇಳದಾಗ ಕಾಣೂ ಸಮತಟ್ಟು ಹಸಿರು ದಂಡಿ ಜುಲೈದಾಗ ನೀರಿನ ಕೆಳಗ ಇರತದ. ಇಲ್ಲಿ ಮಳಿ ಇಲ್ಲದಿದ್ರೂ ಮಹಾರಾಷ್ಟ್ರದಾಗ ಕೃಷ್ಣಾ, ಕೊಯ್ನಾ ಕಡೆ ಮಳಿ ಆಗಿ ನೀರು ಬಿಟ್ರ ಹೊಳಿ ಏರತದ. 2019ರ ಆಗಸ್ಟ್‌ದಾಗ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮೂರೂ ಒಮ್ಮೆಲೇ ಊರು ಹೊಕ್ಕಿದ್ದು ಎಲ್ಲಾರಿಗೂ ನೆನಪದ. ಮಳಿಗಾಲದಾಗ ಹೊಳಿ ದಂಡಿ, ಒಣ ಹಳ್ಳದ ಉಸುಕು ಎರಡೂ ಬ್ಯಾಡ. ಹಳ್ಳದ ಗಿಡಗಂಟಿಗೆ ಕಸ-ಕಡ್ಡಿ ಸಿಕ್ಕೊಂಡ ಎತ್ತರ ನೋಡ್ರಿ, ನೀರು ಅಲ್ಲಿ ತನಕ ಬಂದದ ಅಂತ ಅರ್ಥ.

ಕಣಕುಂಬಿ_ಮಳೆ
ಘಟ್ಟದ ಕಡೆ ಜಾಗದ ಬಗ್ಗೆ ಒಂದೇ ಮಾತು: ಭೀಮಗಡ ಅಭಯಾರಣ್ಯ, ಸುತ್ತಲಿನ ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಕರಡಿ, ಕಾಡುಕೋಣ ಓಡಾಡುವ ಕಾಡು ಅದು. ಖಾಸಗಿ ತೋಟ, ಹೋಮ್‌ಸ್ಟೇ ಅಂಗಳ ಕೇಳಿ ಹಾಕಿ.

ಈಗ ಮಳೆಗಾಲದಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನದು, "ಹೊಸ ಟೆಂಟ್ ಸೋರುತ್ತಿದೆ" ಎಂಬುದು. ಮೊದಲು ಸೋರಿಕೆಯೋ ಉಸಿರಿನ ತೇವವೋ ನೋಡಿ. ಹೊರ ಕವರ್‌ನ ಒಳಮೈ ತುಂಬ ಸಮನಾಗಿ ಸಣ್ಣ ಹನಿ ಇದ್ದರೆ ಅದು ಇಬ್ಬರ ಉಸಿರು, ಒದ್ದೆ ಬಟ್ಟೆಯ ಆವಿ. ಹೊಲಿಗೆಯ ಗೆರೆಗುಂಟ, ಮೂಲೆಯಲ್ಲಿ, ಹಗ್ಗದ ಕುಣಿಕೆ ಹೊಲಿದ ಬುಡದಲ್ಲಿ ಮಾತ್ರ ಹನಿ ಇಳಿಯುತ್ತಿದ್ದರೆ ಅದು ಸೋರಿಕೆ. ತೇವಕ್ಕೆ ಮದ್ದು ಕಿಂಡಿ ತೆರೆದಿಡುವುದು, ಮಳೆಯಿದ್ದರೂ ಸರಿ. ಚಳಿ ಎಂದು ಎಲ್ಲ ಮುಚ್ಚಿದರೆ ಬೆಳಗ್ಗೆ ಹಾಸಿಗೆ ಒದ್ದೆ. ಮುಚ್ಚಿದ ಟೆಂಟ್‌ನಲ್ಲಿ ಸ್ಟೋವ್ ಹಚ್ಚುವುದಂತೂ ಪ್ರಾಣಕ್ಕೇ ಅಪಾಯ, ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಕೆಳಗೆ ಹಾಸುವ ತಾಡಪತ್ರಿ ಟೆಂಟ್‌ನ ನೆಲಕ್ಕಿಂತ ನಾಲ್ಕೂ ಕಡೆ 5 ಸೆಂ.ಮೀ. ಚಿಕ್ಕದಿರಬೇಕು. ಹೊರಗೆ ಚಾಚಿಕೊಂಡರೆ ಕವರ್‌ನಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಕೆಳಗೇ ತರುತ್ತದೆ.

ಕೊಂಡ ವಾರದಲ್ಲೇ ಅಂಗಳದಲ್ಲಿ ನಿಲ್ಲಿಸಿ, ಪೈಪಿನ ಬಾಯಿಗೆ ಝಾರಿ ಸಿಕ್ಕಿಸಿ ಮೇಲಿನಿಂದ 20 ನಿಮಿಷ ನೀರು ಬಿಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಹನಿ ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಲಿ. ಒಣಗಿದ ಮೇಲೆ ಪಿಯು ಬಟ್ಟೆಗೆ ಪಿಯು ಸೀಲರ್ ಹಚ್ಚಿ, ಹಚ್ಚುವ ಮೊದಲು ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಒಂದು ರಾತ್ರಿ ಒಣಗಬೇಕು, ಆಮೇಲೆ ಟಾಲ್ಕಂ ಪೌಡರ್ ಸವರಿ ಮಡಚಿ, ಇಲ್ಲದಿದ್ದರೆ ಪದರ ಪದರ ಅಂಟಿಕೊಳ್ಳುತ್ತದೆ. ಪರೀಕ್ಷೆ ಬಿಲ್ ಕೈಯಲ್ಲಿರುವಾಗಲೇ ಆಗಲಿ. ದೊಡ್ಡ ಸೋರಿಕೆ ಇದ್ದರೆ ಸೀಲರ್ ಹಚ್ಚಬೇಡಿ, ಬದಲಿ ಕೇಳಿ.

ಹಿಡಕಲ್_ಸವಾರ
ನಡುರಾತ್ರಿ ಗಾಳಿ ಕೈ ಮೀರಿದರ ಏನು ಮಾಡಬೇಕ್ರಿ?

ಉದ್ಯಮಬಾಗ_ಫಿಟ್ಟರ್
ಮೊದಲು ಗಾಳಿ ಕಡೆಯ ಬಾಗಲ ಪೂರಾ ಹಾಕ್ರಿ. ಬಾಗಲ ತೆರದಿದ್ದರ ಗಾಳಿ ಒಳಗ ತುಂಬಿ ಟೆಂಟ್ ಎತ್ತತೈತಿ. ಆಮ್ಯಾಲ ಹೊರಗ ಹೋಗಿ ಗೂಟ ಒಂದೊಂದ ತುಳದು, ಹಗ್ಗ ಬಿಗೀರಿ. ಅಷ್ಟಾದರೂ ಪೋಲ್ ಒಳಗ ಮಣಿದು ಮುಖಕ್ಕ ತಾಗಾಕತ್ತಿದರ ಒಳಗಿಂದ ಕೈಯಿಂದ ಒತ್ತಿ ಹಿಡಿಯಾಕ ಹೋಗಬ್ಯಾಡ್ರಿ. ಪೋಲಿನ ಬುಡ ಬಿಚ್ಚಿ ಟೆಂಟ್ ಮಲಗಿಸ್ರಿ, ಮ್ಯಾಲ ಬ್ಯಾಗ್, ಕಲ್ಲು ಹೇರ್ರಿ, ನೀವು ಗ್ವಾಡಿ ಮರಿಗೆ ಹೋಗ್ರಿ. ಮಲಗಿಸಿದ ಟೆಂಟ್ ಮುಂಜಾನೆ ಮತ್ತ ಎದ್ದು ನಿಲ್ಲತೈತಿ.

ಚಿಕ್ಕೋಡಿ_350
ಕಡೀದಾಗಿ ಒಂದು ಕೇಳತೀನಿ. ಬೆಳಗಾವ್ಯಾಗ ಜುಲೈ ಅಂದರ ವಾರಗಟ್ಟಲೆ ಬಿಸಿಲ ಇಲ್ಲ. ಒದ್ದಿ ಟೆಂಟ್ ಹೆಂಗ ಒಣಗಸೋದ್ರಿ?

ಗುಳೇದಗುಡ್ಡ_ಮಗ್ಗ
ಬಿಸಿಲ ಬೇಕಾಗಿಲ್ಲ, ಗಾಳಿ ಬೇಕು. ವಾಪಸ್ ಬರೋವಾಗನ ಒದ್ದಿ ಹೊರ ಕವರ್ ಬ್ಯಾರೆ ಪ್ಲಾಸ್ಟಿಕ್ ಚೀಲದಾಗ, ಒಣ ಒಳ ಟೆಂಟ್ ಬ್ಯಾರೆ ಚೀಲದಾಗ ತರ್ರಿ. ಮನಿ ಮುಟ್ಟಿದ ದಿನಾನ ಕೆಸರ ಬರೀ ನೀರಿನಿಂದ ತೊಳೀರಿ, ಬಟ್ಟಿ ಸೋಪಿನ ಪುಡಿ ಹಾಕಿದರ ಮ್ಯಾಲಿನ ನೀರು ಜಾರಿಸೋ ಲೇಪ ಹೋಕ್ಕೈತಿ. ಜಿಪ್ಪಿನ ಹಲ್ಲಿನಾಗಿನ ಮಣ್ಣು ಹಳೆ ಹಲ್ಲುಜ್ಜೋ ಬ್ರಶ್‌ನಿಂದ ತಗೀರಿ. ಎರಿ ಮಣ್ಣು ಉಳದರ ಜಿಪ್ಪಿನ ಗುಂಡಿ ತೇದು ಹಲ್ಲು ಕಚ್ಚೋದು ಬಿಡತೈತಿ. ಆಮ್ಯಾಲ ಪಡಸಾಲ್ಯಾಗ ಎರಡು ಹಗ್ಗ ಒಂದು ಮಳ ಅಂತರದಾಗ ಕಟ್ಟಿ, ಕವರ್ ಎರಡರ ಮ್ಯಾಲೂ ಹರವಿ, ಕೆಳಗಿಂದ ಫ್ಯಾನ್ ಹಚ್ಚರಿ. ಒಂದ ಹಗ್ಗದ ಮ್ಯಾಲ ಹಾಕಿದರ ಎರಡು ಪದರ ಅಂಟಿ ನಡುವಿನ ನೀರು ಆರಂಗಿಲ್ಲ. ನಾಕು ತಾಸಿಗೊಮ್ಮೆ ಮಗ್ಗಲ ಬದಲಿಸ್ರಿ. ಹೊಲಿಗಿ ಟೇಪಿನ ಜಾಗ, ಮೂಲಿಯ ಪಟ್ಟಿ, ಹಗ್ಗದ ಕುಣಿಕಿ ಕಡೀಕ ಒಣಗತಾವ, ಅವನ್ನ ತುಟಿಗೆ ತಾಗಿಸಿ ನೋಡ್ರಿ, ತಂಪು ಹತ್ತಿದರ ಇನ್ನೂ ಹಸಿ ಐತಿ ಅಂತ. ಪೂರಾ ಆರಿದ ಮ್ಯಾಲ ಅದರ ಬಿಗಿ ಚೀಲಕ್ಕ ತುರುಕಬ್ಯಾಡ್ರಿ, ಹಳೆ ಹತ್ತಿ ದಿಂಬಿನ ಚೀಲದಾಗ ಸಡಿಲ ಹಾಕಿ ಕಪಾಟಿನಾಗ ಇಡ್ರಿ. ಜ್ವಾಳದ ಚೀಲ ಇಡೋ ಕೋಣಿ ಬ್ಯಾಡ, ಇಲಿ ಕಡೀತಾವ.